ಒಂದು ‘ಸೈಕೊ’, ಮೂರು ಕತ್ತಲು

ಅಕ್ಕನ ಮಗ ಎಂಎಸ್ ಓದಲು ಮೈಸೂರಿನಿಂದ ಸ್ಯಾನ್ ಹೊಸೆಗೆ ಬರುವವನಿದ್ದ. ದೆವ್ವ, ಕೊಲೆ, ರಕ್ತ ಅಂದರೆ ಊಟ ಬಿಟ್ಟು ಕೂರುವ ಹುಡುಗ. ಆದರೂ ಹಿಚ್‌ಕಾಕ್‌ನ 1960ರ ಸಿನಿಮಾ ‘ಸೈಕೊ’ ನೋಡಿಲ್ಲವಂತೆ. ‘ಬಾ, ನಾನು ತೋರಿಸ್ತೀನಿ’ ಅಂತ ಫೋನಿನಲ್ಲಿ ಹೇಳಿಬಿಟ್ಟೆ. ಹೇಳಿದ ಮೇಲೆ ಯೋಚನೆ ಹತ್ತಿತು: ಎಲ್ಲಿ ತೋರಿಸುವುದು?

ಈ ಸಿನಿಮಾವನ್ನು ನಾನು ಮೂರು ಥರ ನೋಡಿದ್ದೇನೆ. ಮಲ್ಟಿಪ್ಲೆಕ್ಸಿನಲ್ಲಿ ಡಿಜಿಟಲ್ ಮರುಬಿಡುಗಡೆಯಾಗಿ, ಪಾಲೊ ಆಲ್ಟೊದ ಸ್ಟ್ಯಾನ್‌ಫರ್ಡ್ ಥಿಯೇಟರಿನಲ್ಲಿ 35 ಎಂಎಂ ಫಿಲ್ಮಿನ ಪ್ರಿಂಟಿನಲ್ಲಿ, ಮನೆಯಲ್ಲಿ 4ಕೆ ಡಿಸ್ಕಿನಲ್ಲಿ. ದಾವಣಗೆರೆಯಲ್ಲಿದ್ದಾಗ 14 ಇಂಚಿನ ಟೀವಿಯಲ್ಲಿ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಅವತ್ತು ಅರ್ಧ ಹೊತ್ತು ಕರೆಂಟೇ ಇರಲಿಲ್ಲ.

ಮೊದಲು ಮಲ್ಟಿಪ್ಲೆಕ್ಸು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಊರೂರುಗಳಲ್ಲಿ ಎರಡು ದಿನದ ಮಟ್ಟಿಗೆ ‘ಸೈಕೊ’ ಮತ್ತೆ ತೆರೆಗೆ ಬಂತು. ಮನೆಗೆ ಹತ್ತಿರದ ಒಂದು ಮಾಲ್‌ಗೆ ಹೋದೆ. ಒರಗು ಕುರ್ಚಿ, ಗೋಡೆಯಿಂದ ಗೋಡೆಗೆ ಪರದೆ, ಒಂದು ಗೀರಿಲ್ಲದ ಚಿತ್ರ. ಮೊದಲ ಹತ್ತು ನಿಮಿಷ ಬಾಯಿ ಬಿಟ್ಟುಕೊಂಡೇ ನೋಡಿದೆ. ನಾಯಕಿ ಮರಿಯನ್ ಆಗಿ ನಟಿಸಿದ ಜಾನೆಟ್ ಲೀಯ ರವಿಕೆಯ ನೇಯ್ಗೆ, ಮರಿಯನ್‌ಳ ಕಾರು ನಿಲ್ಲಿಸುವ ಪೊಲೀಸನ ಕಪ್ಪು ಕನ್ನಡಕ, ಎಲ್ಲ ಕೈಚಾಚಿದರೆ ಸಿಗುವಷ್ಟು ಸ್ಪಷ್ಟ. ಎಂಟು ಲಕ್ಷ ಡಾಲರ್ ಚಿಲ್ಲರೆಯಲ್ಲಿ, ತನ್ನ ಟೀವಿ ಧಾರಾವಾಹಿಯ ತಂಡವನ್ನೇ ಕಟ್ಟಿಕೊಂಡು ಹಿಚ್‌ಕಾಕ್ ಮುಗಿಸಿದ ಸಿನಿಮಾ ಇದು ಅಂದರೆ ನಂಬುವುದು ಕಷ್ಟ.

ಆಮೇಲೆ ಕತ್ತಲಾಯಿತು. ಸಿನಿಮಾದಲ್ಲಿ, ಹಾಲಿನಲ್ಲಲ್ಲ.

ಮರಿಯನ್ ಮಳೆಯಲ್ಲಿ ದಾರಿ ತಪ್ಪಿ ಬೇಟ್ಸ್ ಮೋಟೆಲ್ ತಲುಪುವ ರಾತ್ರಿ ಇದೆಯಲ್ಲ, ಆ ರಾತ್ರಿ ಕಪ್ಪಾಗಿರಲಿಲ್ಲ. ಒಲೆಯ ಬೂದಿ ಕಲಸಿದ ನೀರಿನ ಬಣ್ಣದಲ್ಲಿತ್ತು. ಡಿಜಿಟಲ್ ಪ್ರೊಜೆಕ್ಟರಿನ ದೀಪ ಆರುವುದೇ ಇಲ್ಲ. ಒಳಗಿನ ಲಕ್ಷಾಂತರ ಪುಟಾಣಿ ಕನ್ನಡಿಗಳು ವಾಲಿ, ಬೇಡದ ಬೆಳಕನ್ನು ಬೇರೆ ಕಡೆಗೆ ತಿರುಗಿಸುತ್ತವೆ ಅಷ್ಟೆ. ಎಷ್ಟು ತಿರುಗಿಸಿದರೂ ಒಂದಿಷ್ಟು ಸೋರಿ ಪರದೆಗೆ ಬೀಳುತ್ತದೆ. ಬಣ್ಣದ ಸಿನಿಮಾದಲ್ಲಿ ಇದು ಕಣ್ಣಿಗೆ ಬೀಳುವುದು ಕಡಿಮೆ. ಬಣ್ಣದಲ್ಲಿ ರಕ್ತ ಅತಿಯಾಗುತ್ತದೆಂದು ಬೇಕೆಂದೇ ಕಪ್ಪು-ಬಿಳುಪಿನಲ್ಲಿ ತೆಗೆದ ಸಿನಿಮಾದಲ್ಲಿ ಕಪ್ಪೇ ಕೈಕೊಟ್ಟರೆ ಉಳಿಯುವುದೇನು? ಸಾಲದ್ದಕ್ಕೆ ಎರಡೂ ಬಾಗಿಲ ಮೇಲೆ ಉರಿಯುವ ಹಸಿರು ದೀಪ. ಪರದೆಯ ಅಂಚಿಗೆ ಎಳೆಯಬೇಕಿದ್ದ ಕರಿಬಟ್ಟೆಯನ್ನೂ ಯಾರೂ ಎಳೆದಿರಲಿಲ್ಲ.

ಹೆಚ್ಚು ಸ್ಪಷ್ಟತೆಗೂ ಒಂದು ದಂಡವಿದೆ. ಮರಿಯನ್ ಕೊಲೆಯಾಗುವ ಷವರ್ ದೃಶ್ಯದ ಕೊನೆಗೆ ಕ್ಯಾಮೆರಾ ಮರಿಯನ್‌ಳ ತೆರೆದ ಕಣ್ಣಿನಿಂದ ಹಿಂದೆ ಸರಿಯುತ್ತದೆ. ಅಲ್ಲಿ ಅವಳ ಕಣ್ಣಿನ ಪಾಪೆ ಚಿಕ್ಕದಾಗಿ ಕುಗ್ಗಿರುವುದು ಡಿಜಿಟಲ್ಲಿನಲ್ಲಿ ಎದ್ದು ಕಾಣುತ್ತದೆ. ಸತ್ತವರ ಪಾಪೆ ಹಿಗ್ಗಿರುತ್ತದೆ ಎಂದು ಆ ಕಾಲದಲ್ಲೇ ಕಣ್ಣಿನ ಡಾಕ್ಟರುಗಳು ಹಿಚ್‌ಕಾಕ್‌ಗೆ ಪತ್ರ ಬರೆದು, ಇನ್ನೊಮ್ಮೆ ಪಾಪೆ ಹಿಗ್ಗಿಸುವ ಬೆಲಡೊನ್ನ ಹನಿ ಹಾಕಿ ಎಂದು ಸಲಹೆ ಕೊಟ್ಟಿದ್ದರು. 1960ರಲ್ಲಿ ಡಾಕ್ಟರುಗಳ ಕಣ್ಣಿಗೆ ಮಾತ್ರ ಬಿದ್ದದ್ದು ಈಗ ಪಾಪ್‌ಕಾರ್ನ್ ತಿನ್ನುವ ನನಗೂ ಬಿತ್ತು. ಪತ್ತೇದಾರ ಆರ್ಬೊಗಾಸ್ಟ್ ಮೆಟ್ಟಿಲ ಮೇಲಿಂದ ಹಿಮ್ಮುಖವಾಗಿ ಉರುಳುವುದೂ ಅಷ್ಟೆ. ಮೆಟ್ಟಿಲುಗಳನ್ನು ಮೊದಲೇ ಚಿತ್ರೀಕರಿಸಿ, ಹಿಂದಿನ ಪರದೆಯ ಮೇಲೆ ಓಡಿಸಿ, ಅದರ ಮುಂದೆ ನಟನನ್ನು ಕುರ್ಚಿಯಲ್ಲಿ ಕೂರಿಸಿ ಕೈ ಬೀಸಿಸಿದ್ದು ಗೊಂಬೆಯಾಟದ ಸೂತ್ರದಷ್ಟು ನಿಚ್ಚಳವಾಗಿ ಕಾಣುತ್ತದೆ.

ಜನ ಬೇರೆ ತಡವಾಗಿ ಬಂದರು. ಬಿಡುಗಡೆಯ ಕಾಲದಲ್ಲಿ ಹಿಚ್‌ಕಾಕ್ ಇಟ್ಟಿದ್ದ ನಿಯಮ ನೆನಪಾಗಿ ನಗು ಬಂತು: ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು. ಆಗ ಅಮೆರಿಕದಲ್ಲಿ ಯಾವಾಗ ಬೇಕಾದರೂ ಒಳಗೆ ಹೋಗಿ ಕೂರುವ ರೂಢಿ ಇತ್ತು. ನಾಯಕಿ ಸುಮಾರು ಮುಕ್ಕಾಲು ಗಂಟೆಯ ಹೊತ್ತಿಗೆ ಸಾಯುತ್ತಾಳೆ. ತಡವಾಗಿ ಬಂದವನು ಜಾನೆಟ್ ಲೀ ಎಲ್ಲಿ ಎಂದು ಹುಡುಕುತ್ತ ಕೂರಬೇಕಾಗುತ್ತಿತ್ತು. ನನ್ನ ಮಾಲಿನಲ್ಲಿ ಇಪ್ಪತ್ತು ನಿಮಿಷ ಜಾಹೀರಾತು ಇದ್ದರೂ ಸಾಲದೆ, ಅವಳು 40,000 ಡಾಲರ್ ಕದ್ದು ಸೂಟ್‌ಕೇಸ್ ತುಂಬುವಾಗ ಇಬ್ಬರು ನಾಚೋಸ್ ತಟ್ಟೆ ಹಿಡಿದು ನನ್ನ ಮಂಡಿ ದಾಟಿದರು.

ಇಷ್ಟೆಲ್ಲ ಬೈದ ಮೇಲೂ ಆ ರಾತ್ರಿಯ ಒಂದು ಸಂಗತಿಯನ್ನು ಮುಚ್ಚಿಡಲಾರೆ. ಷವರ್ ದೃಶ್ಯಕ್ಕೆ ಯಾರೂ ಹೆದರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಕೊಲೆ. ಆದರೆ ಆರ್ಬೊಗಾಸ್ಟ್ ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದನಲ್ಲ, ಕ್ಯಾಮೆರಾ ಸೂರಿಗೆ ಹಾರಿ ಬಾಗಿಲು ತೆರೆಯಿತಲ್ಲ, ಆಗ ನನ್ನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಿಟಾರನೆ ಕಿರುಚಿದಳು. ಅವಳ ಜೊತೆಗೆ ಇಡೀ ಹಾಲು. ಮುಂದಿನದನ್ನು ಬಲ್ಲ ನನ್ನ ಎದೆಯೂ ಧಸಕ್ಕೆಂದಿತು. ಬೂದಿ ಬಣ್ಣದ ಕತ್ತಲಲ್ಲೂ, ಕುರ್ಚಿಯ ಸೂತ್ರ ಕಂಡ ಮೇಲೂ.

ಸ್ಟ್ಯಾನ್‌ಫರ್ಡ್ ಥಿಯೇಟರಿನ ಕಥೆಯೇ ಬೇರೆ. 1925ರ ಕಟ್ಟಡ, ಪ್ಯಾಕರ್ಡ್ ಪ್ರತಿಷ್ಠಾನ ಕೊಂಡು, ಹಳೆಯ ಅಂದಕ್ಕೆ ತಂದು 1989ರಲ್ಲಿ ಮತ್ತೆ ತೆರೆಯಿತು. ಹಳೆಯ ಸಿನಿಮಾ ಬಿಟ್ಟು ಬೇರೆ ಹಾಕುವುದಿಲ್ಲ. ಆಟಕ್ಕೆ ಮುಂಚೆ ವೇದಿಕೆಯ ಕೆಳಗಿನಿಂದ ವುರ್ಲಿಟ್ಜರ್ ಕಂಪನಿಯ ಆರ್ಗನ್ ವಾದ್ಯ ನುಡಿಸುವವರ ಸಮೇತ ಮೇಲೆದ್ದು ಬರುತ್ತದೆ. ಪರದೆಗೊಂದು ಪರದೆ, ಅದು ಸರಿದ ಮೇಲೇ ಚಿತ್ರ. ನಾನು ಹೋದಾಗ ಟಿಕೆಟ್ 7 ಡಾಲರ್. ಮಾಲಿನಲ್ಲಿ ಕೊಟ್ಟದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಿಚ್‌ಕಾಕ್ ಚಿತ್ರಗಳ ಸರಣಿಯಲ್ಲಿ ‘ಸೈಕೊ’ ಬಂದಿತ್ತು.

ಪ್ರಿಂಟು ಅಂದರೆ ಪ್ರಿಂಟೇ. ಪ್ರೊಜೆಕ್ಟರಿನ ಗೇಟಿನಲ್ಲಿ ಫಿಲ್ಮು ಕೂದಲೆಳೆಯಷ್ಟು ಓಲಾಡುತ್ತದೆ. ರೀಲಿನ ತುದಿಗೆ ಬಂದಾಗ ಧೂಳಿನ ಚುಕ್ಕೆಗಳು ಹೆಚ್ಚುತ್ತವೆ. ಬಲಮೂಲೆಯಲ್ಲಿ ಒಂದು ದುಂಡು ಗುರುತು ಮಿನುಗಿದರೆ ಮೇಲಿನ ಕೋಣೆಯಲ್ಲಿ ಎರಡನೇ ಪ್ರೊಜೆಕ್ಟರ್ ಸಿದ್ಧ, ಇನ್ನೊಂದು ಮಿನುಗಿದರೆ ರೀಲು ಬದಲು. ನಮ್ಮೂರ ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್ ಇದ್ದದ್ದರಿಂದ ಪ್ರತಿ ರೀಲಿಗೂ ಲೈಟು ಹಾಕಿ ಕಡಲೆಕಾಯಿ ಮಾರುತ್ತಿದ್ದರು. ಇಲ್ಲಿ ಅಂಥ ಅನುಕೂಲವಿಲ್ಲ.

ಕಪ್ಪಿಗೆ ಬರುತ್ತೇನೆ. ಕಪ್ಪು-ಬಿಳುಪು ಪ್ರಿಂಟಿನಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಲ್ಲಿ. ಕಪ್ಪಿದ್ದ ಕಡೆ ಬೆಳ್ಳಿ ಒತ್ತಾಗಿ ಕೂತು ದೀಪದ ದಾರಿಗೆ ಅಡ್ಡ ನಿಂತಿರುತ್ತದೆ. ಅದೂ ನೂರಕ್ಕೆ ನೂರು ಕಪ್ಪಲ್ಲ, ಒಪ್ಪುತ್ತೇನೆ. ಆದರೆ ಇನ್ನೊಂದು ಸಂಗತಿ ಇದೆ. ಫಿಲ್ಮಿನ ಒಂದು ಚೌಕಟ್ಟು ಸರಿದು ಇನ್ನೊಂದು ಬರುವಾಗ ಷಟರ್ ಬೆಳಕನ್ನು ಮುಚ್ಚುತ್ತದೆ, ಚೌಕಟ್ಟು ನಿಂತಿರುವಾಗಲೂ ಒಮ್ಮೆ ಮುಚ್ಚುತ್ತದೆ. ಸೆಕೆಂಡಿಗೆ 24 ಚೌಕಟ್ಟು, 48 ಸಲ ಕತ್ತಲು. ‘ಸೈಕೊ’ ಓಡುವುದು 109 ನಿಮಿಷ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತು ಪರದೆಯ ಮೇಲೆ ಏನೂ ಇರುವುದಿಲ್ಲ. ಎಲ್ಲರೂ ಸೇರಿ ಕತ್ತಲನ್ನೇ ನೋಡುತ್ತಿರುತ್ತೇವೆ, ನೋಡುತ್ತಿದ್ದೇವೆಂದು ಗೊತ್ತಿಲ್ಲದೆ. ಡಿಜಿಟಲ್ಲಿನಲ್ಲಿ ಈ ಮಿಟುಕು ಇಲ್ಲ, ಬೆಳಕು ರೆಪ್ಪೆ ಬಡಿಯದೆ ನಿಂತಿರುತ್ತದೆ. ಅವತ್ತು, ಮೋಟೆಲ್ ನಡೆಸುವ ನಾರ್ಮನ್ ತನ್ನ ಕೋಣೆಯಲ್ಲಿ, ಹುಲ್ಲು ತುಂಬಿದ ಹಕ್ಕಿಗಳ ಕೆಳಗೆ ಕೂತು ಮಾತಾಡುವಾಗ ಗೋಡೆಯ ಮೇಲಿನ ಗೂಬೆಯ ನೆರಳು ಉಸಿರಾಡಿದ ಹಾಗೆ ಕಂಡಿತು. ಮಲ್ಟಿಪ್ಲೆಕ್ಸಿನಲ್ಲಿ ಅದು ಗೋಡೆಗೆ ಅಂಟಿಸಿದ ಕಾಗದವಾಗಿತ್ತು.

ಸದ್ದಿನಲ್ಲಂತೂ ಹೋಲಿಕೆಯೇ ಇಲ್ಲ. ಮೂಲ ‘ಸೈಕೊ’ ಮೋನೊ, ಅಂದರೆ ಎಲ್ಲ ಸದ್ದೂ ಒಂದೇ ಹಾದಿಯಲ್ಲಿ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಗೆ ಬರೆದ ಸಂಗೀತ. ಷವರ್ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಹರ್ಮನ್ ಬರೆದು ತಂದದ್ದನ್ನು ಕೇಳಿ ಮನಸ್ಸು ಬದಲಿಸಿದ. ಮಾಲಿನಲ್ಲಿ ಆ ವಯಲಿನ್‌ಗಳು ಮುಂದೆ, ಪಕ್ಕ, ಬೆನ್ನ ಹಿಂದೆ ಹಂಚಿಹೋಗಿ ಮದುವೆ ಮನೆಯ ಓಲಗದ ಹಾಗೆ ಸುತ್ತುವರಿದಿದ್ದವು. ಸ್ಟ್ಯಾನ್‌ಫರ್ಡಿನಲ್ಲಿ ಪರದೆಯ ನಡುವಿನ ಒಂದೇ ಬಿಂದುವಿನಿಂದ ಬಂದವು. ಚೂರಿಗೆ ಮೊನೆ ಒಂದೇ.

ಒಂದು ಕೊರತೆ ಹೇಳಲೇಬೇಕು. ಅಲ್ಲಿನ ಪ್ರೇಕ್ಷಕರಿಗೆ ಸಿನಿಮಾ ಬಾಯಿಪಾಠ. ಬೆಳ್ಳಿಕೂದಲಿನ ದಂಪತಿಗಳು ನಾರ್ಮನ್ ಅಮ್ಮನ ಬಗ್ಗೆ ಬಾಯಿ ತೆರೆಯುವ ಮೊದಲೇ ನಕ್ಕರು. ಮೆಟ್ಟಿಲ ದೃಶ್ಯಕ್ಕೆ ಯಾರೂ ಕಿರುಚಲಿಲ್ಲ. ಕೆಲವರು ಚಪ್ಪಾಳೆ ತಟ್ಟಿದರು, ಕಛೇರಿಯಲ್ಲಿ ತನಿ ಮುಗಿದಾಗ ತಟ್ಟುವ ಹಾಗೆ.

ಮನೆಯ ಡಿಸ್ಕಿನ ವಿಷಯ ಬೇಗ ಮುಗಿಸುತ್ತೇನೆ. 2020ರಲ್ಲಿ, ಸಿನಿಮಾಕ್ಕೆ 60 ತುಂಬಿದಾಗ ಬಂದ 4ಕೆ ಆವೃತ್ತಿ. ಒಎಲ್‌ಇಡಿ ಟೀವಿಯಲ್ಲಿ ಪಿಕ್ಸೆಲ್ಲುಗಳು ನಿಜವಾಗಿಯೂ ಆರುತ್ತವೆ, ಆದ್ದರಿಂದ ಕಪ್ಪು ಕಾಡಿಗೆಯಂಥ ಕಪ್ಪು. ಮೂರರಲ್ಲಿ ಅತಿ ಶುದ್ಧ ಕತ್ತಲು ಇದೇ. ಅಮೆರಿಕದ ಪ್ರಿಂಟುಗಳಲ್ಲಿ ಕತ್ತರಿಸಿದ್ದ ಕೆಲವು ಸೆಕೆಂಡುಗಳೂ ಇದರಲ್ಲಿವೆ: ನಾರ್ಮನ್‌ನ ಕೈಗೆ ಮೆತ್ತಿದ ರಕ್ತ ಇನ್ನಷ್ಟು ಹೊತ್ತು ಕಾಣುತ್ತದೆ, ಆರ್ಬೊಗಾಸ್ಟ್‌ಗೆ ಬೀಳುವ ಇರಿತಗಳು ಹೆಚ್ಚು. ಕೊನೆಯ ಷಾಟಿನಲ್ಲಿ ನಾರ್ಮನ್‌ನ ನಗುವಿನ ಮೇಲೆ ಕ್ಷಣಮಾತ್ರ ಮೂಡಿ ಮರೆಯಾಗುವುದನ್ನು (ಏನೆಂದು ಹೇಳುವುದಿಲ್ಲ) ಇಲ್ಲಿ ತಡೆದು ನಿಲ್ಲಿಸಿ ನೋಡಬಹುದು. ನಾನು ನೋಡಿದೆ. ನೋಡಬಾರದಿತ್ತು; ಅದನ್ನು ಕಂಡೆನೋ ಇಲ್ಲವೋ ಎಂದು ಕಾರ್ ಪಾರ್ಕಿಂಗಿನಲ್ಲಿ ವಾದ ಮಾಡುವ ಸುಖ ಹೋಯಿತು. ಅಷ್ಟೇ ಅಲ್ಲ, ಸರಿಯಾಗಿ ಷವರ್ ಪರದೆ ಸರಿದಾಗ ನಮ್ಮ ಕುಕ್ಕರ್ ಮೂರನೇ ಸೀಟಿ ಹಾಕಿತು. ಹರ್ಮನ್‌ನ ವಯಲಿನ್‌ಗೆ ಶ್ರುತಿ ಸೇರಿಸಿದಂತಿತ್ತು. ಹೆಂಡತಿ ಒಳಗಿನಿಂದಲೇ ‘ಸೌಂಡ್ ಕಡಿಮೆ ಮಾಡಿ’ ಅಂದಳು.

ಹಾಗಾಗಿ ನನ್ನ ಓಟು ಹೀಗೆ: ಈಗಾಗಲೇ ನೋಡಿದವರಿಗೆ ಪ್ರಿಂಟು, ಎರಡು ಮಾತಿಲ್ಲ. ಗೂಬೆಯ ನೆರಳಿಗಾಗಿಯೇ ಹೋಗಬಹುದು. ನೋಡದವರಿಗೆ ಡಿಜಿಟಲ್ ಮರುಬಿಡುಗಡೆ, ಶನಿವಾರ ರಾತ್ರಿ, ತುಂಬಿದ ಹಾಲು, ಬೂದಿ ಬಣ್ಣದ ರಾತ್ರಿಯನ್ನು ಸಹಿಸಿಕೊಂಡು. ಕಿರುಚುವವರು ಇರುವುದು ಅಲ್ಲಿ. ಡಿಸ್ಕು ಮೂರನೇ ಸಲಕ್ಕೆ, ಕುಕ್ಕರ್ ಇಳಿಸಿದ ಮೇಲೆ.

ಹುಡುಗನನ್ನು ವಿಮಾನ ನಿಲ್ದಾಣದಿಂದ ಕರೆತರುತ್ತಾ ಇದನ್ನೆಲ್ಲ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡು, ಆಮೇಲೆ ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದ: ಬರುವಾಗ ವಿಮಾನದಲ್ಲಿ ಮುಂದಿನ ಸೀಟಿನ ಬೆನ್ನಿಗಿದ್ದ ಪರದೆಯಲ್ಲಿ ‘ಸೈಕೊ’ ಸಿಕ್ಕಿತಂತೆ, ಹಾಕಿಕೊಂಡನಂತೆ. ನನಗೆ ಕೋಪ ನೆತ್ತಿಗೇರಿತು. ಎಷ್ಟು ನೋಡಿದೆ ಅಂತ ಕೇಳಿದೆ. ಟೋಪಿ ಹಾಕಿಕೊಂಡ ಪತ್ತೇದಾರನೊಬ್ಬ ಆ ಮನೆಯ ಬಾಗಿಲು ತೆಗೆದದ್ದು ನೆನಪಿದೆ, ಆಮೇಲೆ ನಿದ್ದೆ ಬಂತು ಮಾಮ, ಅಂದ.

ಸದ್ಯ, ಮೆಟ್ಟಿಲು ಹತ್ತಿರಲಿಲ್ಲ.