ಗಾಳಿ ಪಾಠದ ಕಿಟ್: ಮೂರು ಸ್ಟಾರ್, ಅದರಲ್ಲಿ ಎರಡು ಸಿರಿಂಜ್‌ಗೆ

ನಾನು ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರ್. ಗಾಳಿಯ ಪಾಠ ಬಂತೆಂದರೆ ಲೋಟದ ತಳಕ್ಕೆ ಕಾಗದ ತುರುಕಿ, ಬೋರಲು ಹಿಡಿದು ಬಕೆಟ್‌ಗೆ ಅದ್ದುವುದು, ‘ನೋಡಿ, ಕಾಗದ ಒದ್ದೆಯಾಗಿಲ್ಲ’ ಅನ್ನುವುದು. ಹದಿನಾರು ವರ್ಷ ಇದನ್ನೇ ಮಾಡಿ ನನಗೇ ಬೇಜಾರಾಗಿತ್ತು. ಹಾಗಾಗಿ ಈ ವರ್ಷ ಕೈಯಿಂದ 1,650 ರೂಪಾಯಿ ಹಾಕಿ ಈ ಕಿಟ್ ತರಿಸಿದೆ. ಏಳನೇ ಕ್ಲಾಸಿನಲ್ಲಿ ಮೂರು ವಾರ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಪೆಟ್ಟಿಗೆ ಚೆನ್ನಾಗಿದೆ. ಒಳಗೆ ಎರಡು ದೊಡ್ಡ ಸಿರಿಂಜ್, ಕೊಳವೆ, ಕೊಂಡಿ ಇರುವ ಎರಡು ರಬ್ಬರ್ ಬಟ್ಟಲು, ಪುಗ್ಗೆಗಳು, ಪ್ಲಾಸ್ಟಿಕ್ ತಕ್ಕಡಿ, ಗಾಜಿನ ಜಾಡಿ, ಮೇಣದಬತ್ತಿ, ಒಂದು ಪುಸ್ತಕ.

ಮೊದಲು ಬಟ್ಟಲಿನ ವಿಷಯ. ಜರ್ಮನಿಯ ಮಾಗ್ಡೆಬರ್ಗ್ ಊರಿನ ಮೇಯರ್ ಆಗಿದ್ದ ಒಟ್ಟೊ ಫಾನ್ ಗೆರಿಕೆ 17ನೇ ಶತಮಾನದಲ್ಲಿ ಎರಡು ಲೋಹದ ಅರ್ಧಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ್ದನಲ್ಲ, ಅದರ ಮರಿ ಇದು. ನಮ್ಮಲ್ಲಿ ಕುದುರೆ ಬೇಕಾಗಲಿಲ್ಲ. ಇಬ್ಬರು ಹುಡುಗಿಯರು ಮೆಲ್ಲಗೆ ಎಳೆದರು, ‘ಪುಸ್ಕ್’ ಅಂತ ಬಿಟ್ಟುಕೊಂಡಿತು. ಕ್ಲಾಸೆಲ್ಲ ನಗು. ನೋಡಿದರೆ ರಬ್ಬರಿನ ಅಂಚು ಒರಟು, ಅಲ್ಲಿಂದ ಗಾಳಿ ನುಸುಳುತ್ತಿತ್ತು. ಬ್ಲೇಡಿನಿಂದ ಹೆರೆದು ಕೊಬ್ಬರಿ ಎಣ್ಣೆ ಸವರಿದೆ. ಆಮೇಲೆ ನಾಲ್ಕು ಜನ ಜಗ್ಗಿದರೂ ಬಿಡಲಿಲ್ಲ.

ಆಗ ಕೊನೆಯ ಬೆಂಚಿನ ಒಬ್ಬ ಕೇಳಿದ: “ಟೀಚರ್, ಒಳಗೆ ಗಾಳಿನೇ ಇಲ್ಲ ಅಂದ್ಮೇಲೆ ಹಿಡ್ಕೊಂಡಿರೋದು ಯಾರು?” ಇಷ್ಟು ವರ್ಷದಲ್ಲಿ ಲೋಟ, ಕಾಗದ ನೋಡಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಬಟ್ಟಲಿನ ಅಗಲ 8 ಸೆಂ.ಮೀ., ಅಂದರೆ ಬಾಯಿ ಸುಮಾರು 50 ಚದರ ಸೆಂ.ಮೀ. ಹೊರಗಿನ ಗಾಳಿ ಪ್ರತಿ ಚದರ ಸೆಂ.ಮೀ. ಮೇಲೆ ಹೆಚ್ಚುಕಮ್ಮಿ ಒಂದು ಕೆಜಿ ಭಾರದಷ್ಟು ಒತ್ತುತ್ತದೆ. ಒಳಗಿನ ಗಾಳಿ ಪೂರ್ತಿ ತೆಗೆದರೆ ಬಿಸಿಯೂಟದ ಒಂದು ಅಕ್ಕಿ ಮೂಟೆಯನ್ನು ಎತ್ತಿದಷ್ಟು ಬಲ ಬೇಕು. ಕೈಯಲ್ಲಿ ಅದುಮಿದರೆ ಗಾಳಿ ಅಷ್ಟೆಲ್ಲ ಹೋಗುವುದಿಲ್ಲ, ಅದನ್ನೂ ಹೇಳಿದೆ.

ತಕ್ಕಡಿ ಮಾತ್ರ ಶುದ್ಧ ದಂಡ. ಒಂದು ಕಡೆ ಊದಿದ ಪುಗ್ಗೆ, ಇನ್ನೊಂದು ಕಡೆ ಖಾಲಿ ಪುಗ್ಗೆ ಕಟ್ಟಿದರೆ ಊದಿದ್ದು ಕೆಳಗೆ ಬಾಗುತ್ತದೆ ಅಂತ ಪುಸ್ತಕದಲ್ಲಿದೆ. ನಮ್ಮದು ಅಲುಗಾಡಲೇ ಇಲ್ಲ. ಊದಿದ ಪುಗ್ಗೆಯನ್ನು ಸುತ್ತಲಿನ ಗಾಳಿ ಮೇಲಕ್ಕೆ ತಳ್ಳುತ್ತಿರುತ್ತದೆ. ಒಳಗೆ ಒತ್ತಿ ತುಂಬಿದ ಹೆಚ್ಚುವರಿ ಗಾಳಿಯಷ್ಟೇ ತೂಕಕ್ಕೆ ಸಿಗುವುದು, ಅದು ತೀರಾ ಕಮ್ಮಿ. ಈ ಬಿಗಿ ತಕ್ಕಡಿಗೆ ಅದೆಲ್ಲಿ ಗೊತ್ತಾಗಬೇಕು? ಪಿ.ಟಿ. ಸರ್ ಹತ್ತಿರ ಫುಟ್‌ಬಾಲ್ ಮತ್ತು ಪಂಪು ತಂದೆ, ಮನೆಯಿಂದ ಡಿಜಿಟಲ್ ತಕ್ಕಡಿ ತಂದೆ. ಚೆಂಡು ದುಂಡಗಿದ್ದರೂ ಮೆತ್ತಗಿದ್ದಾಗ 412 ಗ್ರಾಂ. ಗಟ್ಟಿಯಾಗುವ ತನಕ ಹೊಡೆದ ಮೇಲೆ 417. ಐದು ಗ್ರಾಂ ಗಾಳಿ! ಮಕ್ಕಳು ನಂಬದೆ ಮೂರು ಸಲ ಬಿಟ್ಟು, ಮೂರು ಸಲ ತುಂಬಿ ತೂಗಿದರು.

ಪುಸ್ತಕದ ಬಗ್ಗೆ ನನಗೆ ಸಿಟ್ಟಿದೆ. ನೀರಿನ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿ ನಿಲ್ಲಿಸಿ ಮೇಲೆ ಜಾಡಿ ಕವುಚಿದರೆ ಒಳಗೆ ನೀರು ಏರುವುದು, ಗಾಳಿಯ ಐದನೇ ಒಂದು ಭಾಗವಾದ ಆಮ್ಲಜನಕ ಖರ್ಚಾಗಿದ್ದರಿಂದ ಅಂತ ಬರೆದಿದ್ದಾರೆ. ಸುಮ್ನೆ ಒಂದರ ಬದಲು ಮೂರು ಬತ್ತಿ ಇಟ್ಟು ನೋಡಿ. ಜಾಡಿ ಅದೇ, ಆಮ್ಲಜನಕ ಅಷ್ಟೇ, ಆದರೆ ನೀರು ಜಾಸ್ತಿ ಏರುತ್ತದೆ. ಜಾಡಿ ಕವುಚುವಾಗ ಕಾದ ಗಾಳಿ ಹಿಗ್ಗಿ ಹೊರಗೆ ಹೋಗಿರುತ್ತದೆ. ಅಂಚಿನಲ್ಲಿ ಗುಳ್ಳೆ ಏಳುವುದೂ ಕಾಣುತ್ತದೆ. ಬತ್ತಿ ಆರಿ, ಉಳಿದ ಗಾಳಿ ತಣ್ಣಗಾಗಿ ಕುಗ್ಗಿದಾಗ ಹೊರಗಿನ ಒತ್ತಡ ನೀರನ್ನು ಒಳಗೆ ನೂಕುತ್ತದೆ. ನೀರು ಭರ್ರನೆ ಏರುವುದು ಬತ್ತಿ ಆರಿದ ಮೇಲೇ ಅಲ್ವಾ? ಆಮ್ಲಜನಕವೇ ಕಾರಣವಾಗಿದ್ದರೆ ಉರಿಯುತ್ತಿರುವಾಗಲೇ ಏರಬೇಕಿತ್ತು. ಕಂಪನಿಗೆ ಇದನ್ನೆಲ್ಲ ಬರೆದು ಕಳಿಸಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದು ಸಾಲು ಬಂತು.

ಇನ್ನು ಸಿರಿಂಜ್. ಕಿಟ್‌ನ ಜೀವ ಇರುವುದೇ ಇದರಲ್ಲಿ. ಬಾಯಿಗೆ ಬೆರಳು ಒತ್ತಿ ಹಿಡಿದು ದಂಡ ತಳ್ಳಿದರೆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಬಿಟ್ಟರೆ ವಾಪಸ್ ಚಿಮ್ಮುತ್ತದೆ. ನೀರು ತುಂಬಿ ತಳ್ಳಿದರೆ ಕಲ್ಲಿನ ಹಾಗೆ ಕೂರುತ್ತದೆ. ಗಾಳಿಗೂ ನೀರಿಗೂ ಇರುವ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಪುಸ್ತಕದಲ್ಲಿಲ್ಲದ ಇನ್ನೊಂದನ್ನು ನಾನೇ ತೋರಿಸಿದೆ. ಬಿಸಿಯೂಟದ ಅಡುಗೆಮನೆಯಿಂದ ಕುದಿ ನಿಂತ ಬಿಸಿನೀರು ತಂದು ಸಿರಿಂಜ್‌ಗೆ ಸ್ವಲ್ಪ ಎಳೆದು, ಬಾಯಿಗೆ ರಬ್ಬರ್ ಬಿರಡೆ ಸಿಕ್ಕಿಸಿ ದಂಡ ಹಿಂದಕ್ಕೆ ಜಗ್ಗಿದೆ. ಒಲೆ ಇಲ್ಲ, ಬೆಂಕಿ ಇಲ್ಲ, ನೀರು ಮತ್ತೆ ಕುದಿಯಿತು. ಒತ್ತಡ ಕಮ್ಮಿಯಾದರೆ ನೀರು ಕಮ್ಮಿ ಬಿಸಿಯಲ್ಲೇ ಕುದಿಯುತ್ತದೆ, ಕುಕ್ಕರ್‌ನಲ್ಲಿ ಆಗುವುದರ ತಿರುಗುಮುರುಗು. ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡಿದರು. (ಇದನ್ನು ಟೀಚರೇ ಮಾಡಿ, ಮಕ್ಕಳ ಕೈಗೆ ಬಿಸಿನೀರು ಕೊಡಬೇಡಿ.)

ತಗೋಬೇಕಾ? ಔಷಧಿ ಅಂಗಡಿಯಲ್ಲಿ 60 ಎಂ.ಎಲ್.ನ ಎರಡು ಸಿರಿಂಜ್ ತಂದು, ಶಾಲೆಯ ಫುಟ್‌ಬಾಲ್ ಎರವಲು ಪಡೆದರೆ ಮುಕ್ಕಾಲು ಪಾಠ ಆಯಿತು. ಬಟ್ಟಲಿನ ಆಸೆಯಿದ್ದರೆ ಮಾತ್ರ ಕಿಟ್ ತರಿಸಿ, ಎಣ್ಣೆ ರೆಡಿ ಇಟ್ಟುಕೊಳ್ಳಿ. ನಮ್ಮ ಕಿಟ್‌ನಲ್ಲಿ ಈಗ ಒಂದೇ ಸಿರಿಂಜ್ ಇದೆ. ಇನ್ನೊಂದು ಆ ಕೊನೆಯ ಬೆಂಚಿನವನ ಚೀಲದಲ್ಲಿದೆ ಅಂತ ಗೊತ್ತು, ಕೇಳಿಲ್ಲ.