ಎರಡು ಸಾವಿರದ ಮೈಟರ್ ಗೇಜು, ಮಂಡಿ ಮೊಹಲ್ಲಾದ ಫ್ರೇಮ್ ಅಂಗಡೀಲಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮದು ಫ್ರೇಮ್ ಕಟ್ಟೋ ಕೆಲಸ. ದಸರಾ ಹತ್ತಿರ ಬಂತು ಅಂದ್ರೆ ಮೈಸೂರು ಶೈಲಿ ಚಿತ್ರಗಳಿಗೆ ತೇಗದ ಚೌಕಟ್ಟು ಕೇಳೋರು ಜಾಸ್ತಿ. ಮೈಟರ್ ಗೇಜ್ ಅಂದ್ರೆ ಮರವನ್ನ ಬೇಕಾದ ಕೋನಕ್ಕೆ ಹಿಡಿದು ಗರಗಸದ ಬ್ಲೇಡಿಗೆ ತಳ್ಳೋ ಸಾಧನ. ನಮ್ಮ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಮೆಷಿನ್) ಜೊತೆ ಬಂದಿದ್ದ ಗೇಜಿನ ತಲೆ ಪ್ಲಾಸ್ಟಿಕ್ಕು, ಬರೀ ಆಟದ ಸಾಮಾನು. ಅದಕ್ಕೇ ಎರಡು ಸಾವಿರ ರೂಪಾಯಿ ಆಸುಪಾಸಿನ ಅಲ್ಯೂಮಿನಿಯಂ ಗೇಜೊಂದನ್ನ ಆನ್‌ಲೈನಲ್ಲಿ ತರಿಸಿದೆ.

ಕೈಗೆ ಗಟ್ಟಿಯಾಗಿದೆ. 22.5, 30, 45 ಡಿಗ್ರಿಗೆ ಟಕ್ ಅಂತ ಕೂರೋ ತೂತುಗಳಿವೆ. ಆ ಟಕ್ ಸದ್ದಿಗೆ ಮರುಳಾದ್ರೆ ಕೆಟ್ರಿ. ಒಂದು ಫ್ರೇಮಿನ ನಾಲ್ಕು ಪಟ್ಟಿಗೆ ಎರಡೆರಡು ತುದಿ, ಒಟ್ಟು ಎಂಟು ಕಟ್. ಒಂದೊಂದ್ರಲ್ಲಿ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದ್ರೂ ಕೊನೇ ಮೂಲೇಲಿ 4 ಡಿಗ್ರಿ ಸೇರ್ಕೊಂಡು, 2 ಇಂಚಿನ ಪಟ್ಟಿ ಸುಮಾರು 5 ಮಿ.ಮೀ. ಬಾಯಿ ಬಿಡುತ್ತೆ. ಫೆವಿಕಾಲಿಗೆ ಮರದ ಪುಡಿ ಕಲಸಿ ಮೆತ್ತಿದ್ರೂ ಪಾಲಿಶ್ ಹೊಡೆದ ಮೇಲೆ ಎದ್ದು ಕಾಣುತ್ತೆ.

ಪಕ್ಕದಲ್ಲಿ ಇನ್ಲೇ (ಮರದೊಳಗೆ ಚಿತ್ತಾರ ಕೂರಿಸೋ) ಕೆಲಸ ಮಾಡೋ ಆಚಾರ್ರು ನೋಡಿದ್ದೇ, "ಬೀಟೆಗೆ ಮುಟ್ಟಿಸ್ಬೇಡ ಕಣಪ್ಪ, ನೀಲಗಿರಿ ರೀಪರ್ ಮೇಲೆ ನೋಡು ಮೊದ್ಲು" ಅಂದ್ರು.

ಪ್ಲಗ್ ಕಿತ್ತು ಶುರು ಮಾಡಿದೆ. ಮೆಷಿನ್ ಮೇಜಿನ ಮೇಲೆ ಗೇಜ್ ಓಡೋ ಕಾಲುವೆ, ಅಂದ್ರೆ ಸ್ಲಾಟು, 19 ಮಿ.ಮೀ. ಅದರೊಳಗೆ ಕೂರೋ ಗೇಜಿನ ಪಟ್ಟಿ, ಅಂದ್ರೆ ಬಾರು, ಅದಕ್ಕಿಂತ ಕೂದಲೆಳೆ ಸಣ್ಣ, ಅಲ್ಲಾಡ್ತಿತ್ತು. ಬಾರಿನ ಪಕ್ಕದಲ್ಲಿರೋ ಪುಟ್ಟ ಸ್ಕ್ರೂಗಳನ್ನ ತಿರುವಿದ್ರೆ ಸರಿಹೋಗುತ್ತೆ. ಹಳೇ ಕಬ್ಬಿಣದ ಬಾರಾದ್ರೆ ಅಂಚು ಸ್ವಲ್ಪ ಉಬ್ಬೋ ಹಾಗೆ ಪಂಚ್ ಹೊಡೀಬೇಕು. ಸ್ಲಾಟಿಗೂ ಬ್ಲೇಡಿಗೂ ಮುಂದೆ, ಹಿಂದೆ ಎರಡೂ ಕಡೆ ಒಂದೇ ಅಂತರ ಇದೆಯಾ ನೋಡ್ಕೊಳ್ಳಿ. ಇಲ್ದಿದ್ರೆ ಗೇಜ್ ಜೊತೆ ಗುದ್ದಾಡಿ ಪ್ರಯೋಜನವಿಲ್ಲ.

ಆಮೇಲೆ 90 ಡಿಗ್ರಿ ಸರಿ ಮಾಡೋದು. ಅಂಚು ನೆಟ್ಟಗಿರೋ ಅಗಲದ ಪಟ್ಟಿ ಕೊಯ್ದು, ಒಂದು ತುಂಡನ್ನ ಮಗುಚಿ, ಎರಡರ ತುದೀನೂ ಸೇರಿಸಿಟ್ರೆ ತಪ್ಪು ಇಮ್ಮಡಿಯಾಗಿ ಕಾಣುತ್ತೆ. ತಲೆಯ ಸ್ಕ್ರೂ ಸಡಿಲಿಸಿ, ಸಂದಿನಲ್ಲಿ ಬೆಳಕು ಕಾಣದಿರೋ ತನಕ ಸರಿಸಿ. 45ಕ್ಕೂ ಹೀಗೇ: ಎರಡು ತುಂಡು ಕೂಡಿಸಿ ಒಳಮೂಲೆಗೆ ಮೂಲೆಮಟ್ಟ ಇಡಿ. ಓರೆ ಕೊಯ್ಯುವಾಗ ಮರ ಬ್ಲೇಡಿನ ಕಡೆ ಜಾರುತ್ತೆ. ಗೇಜಿನ ಮುಖಕ್ಕೆ 120 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿದ ಮೇಲೆ ನಿಂತ್ಕೊಳ್ತು.

ಬೇಜಾರಾಗಿದ್ದು ಬಿಗಿ ಮಾಡೋ ನಾಬು. ಪ್ಲಾಸ್ಟಿಕ್ ಎಳೆ ಬೇಗ ಸವೀತು, ಹಾರ್ಡ್‌ವೇರ್ ಅಂಗಡಿಯಿಂದ ಸ್ಟೀಲ್ ನಾಬ್ ತಂದು ಹಾಕಿದೆ. ಜೊತೆಗಿದ್ದ ಹಾಳೇಲಿ ಸ್ಕ್ರೂ ಚಿತ್ರ ಬಿಟ್ರೆ ಏನೂ ಇಲ್ಲ. ಆದ್ರೂ ಈ ದುಡ್ಡಿಗೆ ನಾಲ್ಕು ಸ್ಟಾರ್ ಕೊಡ್ತೀನಿ. ಬರೀ ಪ್ಲೈವುಡ್ ನೆಟ್ಟಗೆ ಕೊಯ್ಯೋರಿಗೆ ಇದು ಬೇಡ. ಸಣ್ಣ ಮೆಷಿನ್‌ಗಳಲ್ಲಿ ಸ್ಲಾಟಿನ ಅಳತೆ ಬೇರೆ ಇರಬಹುದು, ಅಳೆದೇ ಆರ್ಡರ್ ಮಾಡಿ. ನಮ್ಮ ಎದುರಂಗಡಿಯವರು ತರಿಸಿದ್ದು ಇನ್ನೂ ಡಬ್ಬದಲ್ಲೇ ಇದೆ.