ಕರೆಂಟ್ ಹೋದರೆ ಸೋಲಾರೂ ಹೋಗುತ್ತೆ

ನಮ್ಮ ಕಡೆ ಸೋಲಾರ್ ಅಂದರೆ ಬಿಸಿನೀರು. ಹದಿನೈದು ವರ್ಷದಿಂದ ತಾರಸಿ ಮೇಲೆ ಆ ಟ್ಯಾಂಕ್ ಕೂತಿದೆ. ಹಾಗಾಗಿ ಹೋದ ವರ್ಷ ಇನ್ನೊಂದು ಸೋಲಾರ್ ಹಾಕಿಸ್ತೀವಿ ಅಂದಾಗ ನಮ್ಮತ್ತೆ "ಕಾಯೋ ನೀರು ಸಾಲದೇನೇ ನಿಂಗೆ?" ಅಂದರು.

ಚಿಕ್ಕಮಗಳೂರಿನ ಕೋಟೆಯಲ್ಲಿ ನಮ್ಮ ಮನೆ. ಕೆಳಗೆ ನಾವು, ಮೇಲೆ ಮೈದುನನ ಸಂಸಾರ, ಮೀಟರ್ ಒಂದೇ. ಎರಡು ಫ್ರಿಜ್ಜು, ಬೋರ್‌ವೆಲ್ ಮೋಟರು, ಮಳೆಗಾಲಕ್ಕೆ ಗೀಸರು. ತಿಂಗಳಿಗೆ 280, 300 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ತೆರಬೇಕಲ್ಲ, ಆ ಹೊಟ್ಟೆಯುರಿಗೇ ಪಿಎಂ ಸೂರ್ಯಘರ್‌ಗೆ, ಅಂದರೆ ತಾರಸಿ ಮೇಲೆ ಕರೆಂಟ್ ತಯಾರಿಸೋಕೆ ಕೇಂದ್ರ ಸರ್ಕಾರ ದುಡ್ಡು ಕೊಡೋ ಯೋಜನೆಗೆ, ಅರ್ಜಿ ಹಾಕಿದ್ದು.

2024ರ ಫೆಬ್ರವರಿಯಲ್ಲಿ ಶುರುವಾದ ಯೋಜನೆ ಇದು. ಮೊದಲೆರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ನಮ್ಮ ಮೂರು ಕಿಲೋವ್ಯಾಟಿಗೆ 1,95,000 ಆಯ್ತು. ಸಬ್ಸಿಡಿ ಕಳೆದು ಉಳಿದದ್ದು ಕೊಡೋಣ ಅಂದುಕೊಂಡಿದ್ದೆ, ಹಾಗಲ್ಲವಂತೆ. ಪೂರ್ತಿ ದುಡ್ಡು ಮೊದಲು ನಾವೇ ಹಾಕಬೇಕು, ಹೊಸ ಮೀಟರ್ ಕೂತು ತಪಾಸಣೆ ಮುಗಿದ ಮೇಲೆ ಸಬ್ಸಿಡಿ ಬ್ಯಾಂಕ್ ಖಾತೆಗೆ ಬರುತ್ತೆ. ಪ್ಯಾನೆಲ್ 'ಡಿಸಿಆರ್' ಹೌದೋ ಅಲ್ಲವೋ ಕೇಳಿಕೊಳ್ಳಿ. ಅಂದರೆ ಸೆಲ್ ಸಮೇತ ನಮ್ಮ ದೇಶದಲ್ಲೇ ತಯಾರಾಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ.

ನಮಗೆ ತಡವಾಗಿದ್ದು ಬೇರೆಯದಕ್ಕೆ. ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಇನ್ನೂ ತೀರಿಹೋದ ಮಾವನವರ ಹೆಸರಲ್ಲೇ ಇತ್ತು. ಮರಣಪತ್ರ, ಮನೆಯ ಖಾತೆ, ಶಿವಮೊಗ್ಗದ ನಾದಿನಿಯ ಸಹಿ ಅಂತ ಎರಡು ತಿಂಗಳು ಅದರಲ್ಲೇ ಹೋಯ್ತು. ಅರ್ಜಿಗೆ ಮುಂಚೆ ಬಿಲ್ ಮೇಲಿನ ಹೆಸರು ನೋಡಿಕೊಳ್ಳಿ.

ಹಾಕೋಕೆ ಬಂದ ಹುಡುಗರಿಗೆ ಪೂರ್ತಿ ಮಾರ್ಕು. ಒಬ್ಬ ಸಂಜೆ ನಾಲ್ಕರವರೆಗೂ ತಾರಸಿಯಲ್ಲೇ ಇದ್ದು, ಪಕ್ಕದ ಮನೆ ತೆಂಗಿನ ಗರಿಯ ನೆರಳು ಸರಿದಂತೆಲ್ಲ ಸೀಮೆಸುಣ್ಣದಲ್ಲಿ ಗೀಟು ಹಾಕಿದ. "ಒಂದರ ಮೇಲೆ ನೆರಳು ಬಿದ್ರೆ ಸಾಲಲ್ಲಿರೋದೆಲ್ಲ ಸೊರಗುತ್ತೆ ಆಂಟಿ" ಅಂತ ಆ ಗೀಟಿನಿಂದ ಈಚೆಗೇ ಕೂರಿಸಿದ. ಗೀಟು ಎರಡು ಮಳೆ ಬರೋವರೆಗೂ ಹಾಗೇ ಇತ್ತು.

ಅವರ ಅಂಗಡಿ ಯಜಮಾನನ ಮೇಲೆ ಮಾತ್ರ ನನಗೆ ಸಿಟ್ಟಿದೆ. ಏಪ್ರಿಲ್‌ನಲ್ಲಿ ಒಂದು ದಿನ ಲೈನ್ ಕೆಲಸ ಅಂತ ಬೆಳಗ್ಗೆಯೇ ಕರೆಂಟ್ ತೆಗೆದರು. ನೆತ್ತಿ ಸುಡೋ ಬಿಸಿಲು. ನಾನು ಜಂಬದಿಂದ ಮಿಕ್ಸಿಗೆ ತೆಂಗಿನಕಾಯಿ ಹಾಕಿ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ಫೋನ್ ಮಾಡಿದರೆ, "ಬ್ಯಾಟರಿ ಇಲ್ಲವಲ್ಲ ಮೇಡಂ, ಲೈನ್ ಸತ್ತರೆ ಇದೂ ನಿಲ್ಲಲೇಬೇಕು." ನಮ್ಮ ಪ್ಯಾನೆಲ್ ಕರೆಂಟ್ ಲೈನಿಗೆ ಹರಿದರೆ ಕಂಬದ ಮೇಲಿರೋ ಲೈನ್‌ಮನ್ ಗತಿ ಏನು? ಕಾರಣ ಒಪ್ಪತಕ್ಕದ್ದೇ. ಆದರೆ ಎರಡು ಲಕ್ಷ ಎಣಿಸಿಕೊಳ್ಳುವಾಗ ಹೇಳೋದಕ್ಕೇನಾಗಿತ್ತು? ಅವತ್ತು ಚಟ್ನಿ ಒರಳಲ್ಲೇ ಆಯ್ತು, ಅತ್ತೆ ಮಾತಾಡಲಿಲ್ಲ, ನಕ್ಕರು ಅಷ್ಟೇ.

ಮಾರ್ಚಲ್ಲಿ ದಿನಕ್ಕೆ 12, 13 ಯೂನಿಟ್ ಬಂತು. ನಾವು ಬಳಸಿ ಮಿಕ್ಕಿದ್ದು ಲೈನಿಗೆ ಹೋಗಿ, ಬಿಲ್ಲಲ್ಲಿ ನಿಗದಿತ ಶುಲ್ಕವಷ್ಟೇ ಉಳೀತು. ಜುಲೈ ಕಥೆ ಬೇರೆ. ಮುಳ್ಳಯ್ಯನಗಿರಿ ವಾರಗಟ್ಟಲೆ ಮುಖ ತೋರಿಸದಿದ್ದಾಗ ಮೂರು ನಾಲ್ಕು ಯೂನಿಟ್ ಬಂದರೆ ಹೆಚ್ಚು, ಗೀಸರ್ ಉರಿಯೋದೂ ಆಗಲೇ. ಬಯಲುಸೀಮೆಯ ಲೆಕ್ಕ ತೋರಿಸಿ ವ್ಯಾಪಾರ ಮಾಡೋರನ್ನ ಮಲೆನಾಡಿನವರು ನಂಬಬೇಡಿ.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರ್ತಿರೋ ಮನೆಯವರಂತೂ ಸುಮ್ಮನಿರಿ. ಒಂದು ಸರ್ಕಾರ ಪುಕ್ಕಟೆ ಕೊಡುತ್ತೆ, ಇನ್ನೊಂದು ನೀವೇ ತಯಾರಿಸಿ ಅಂತ ದುಡ್ಡು ಕೊಡುತ್ತೆ. ಪುಕ್ಕಟೆ ಸಿಗೋವಾಗ ಯಾರು ತಾರಸಿ ಕೊರೆಸ್ತಾರೆ? ನಮ್ಮ ಬೀದಿಯಲ್ಲಿ ವಿಚಾರಿಸಿದ ಮೂರು ಮನೆಯವರೂ ಹಿಂದೆ ಸರಿದರು. ನಮ್ಮ ಹಾಗೆ 200 ದಾಟೋರು ಹಾಕಿಸಿಕೊಳ್ಳಬಹುದು.

ಯೋಜನೆಗೆ ಐದಕ್ಕೆ ನಾಲ್ಕು, ಅಂಗಡಿಗೆ ಎರಡೂವರೆ. ಐದು ವರ್ಷ ಸರ್ವೀಸ್ ಅಂತ ಬರೆದುಕೊಟ್ಟಿದ್ದಾರೆ. ಪ್ಯಾನೆಲ್ ತೊಳೆಯೋದು ಅದರಲ್ಲಿ ಬರೋದಿಲ್ಲವಂತೆ, ಅದು ಭಾನುವಾರ ಬೆಳಗ್ಗೆ ಮೈದುನನ ಪಾಲಿಗೆ.